ಇಪ್ಪತ್ತಾರು ದಿನಗಳ ಸಾಲು

“ಆ ಒಂದು ಸಾಲು ತೆಗೆದುಬಿಡಿ ಅಕ್ಕ, ಎಲ್ಲರ ತಲೆನೋವೂ ಮುಗಿಯುತ್ತೆ,” ಎಂದ ಮ್ಯಾನೇಜರ್, ಕೂರದೆ ಬಾಗಿಲ ಬಳಿಯೇ ನಿಂತುಕೊಂಡು.

“ಯಾಕೆ ತೆಗೀಬೇಕು?”

“ಗಿರಣಿಯವರು ಕೇಳ್ತಿದಾರೆ.”

“ನಾಳೆ ಗಿರಣಿಯವರು ಸೂರ್ಯ ಪಶ್ಚಿಮದಲ್ಲಿ ಹುಟ್ತಾನೆ ಅಂತ ಬರ್ಕೊಡಿ ಅಂದ್ರೆ ಬರ್ಕೊಡ್ತೀಯಾ?”

ಅವನು ಬಾಗಿಲು ಮುಚ್ಚಿದ. ಹನ್ನೊಂದು ವರ್ಷದ ಹಿಂದೆ ಇದೇ ಕೋಣೆಗೆ ಕೆಲಸ ಕಲಿಯಲು ಬಂದು ಇದೇ ಅಕ್ಕನ ಪಕ್ಕದಲ್ಲಿ ಕೂತವನು ಅವನು. ಈಗ ಅವಳಿಗೇ ಮೇಲಧಿಕಾರಿ. ನಾಲ್ಕು ಜನರೆದುರು ಅವಳು ಅವನನ್ನು ಸಾರ್ ಅನ್ನುತ್ತಾಳೆ, ಬಾಗಿಲು ಮುಚ್ಚಿದರೆ ನೀನು ಅನ್ನುತ್ತಾಳೆ. ಬಾಗಿಲು ಮುಚ್ಚಿದ ಮೇಲೂ ಸಾರ್ ಅಂದಳೆಂದರೆ ಅವತ್ತು ತನ್ನ ಗ್ರಹಚಾರ ನೆಟ್ಟಗಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತು.

ಆಫೀಸಿನವರೆಲ್ಲ ಅವಳನ್ನು ಗಂಟೆಯಕ್ಕ ಎನ್ನುತ್ತಾರೆ. ಅವಳ ಕೆಲಸ ಏನೆಂದು ಕೇಳಿದವರು ಮೊದಲು ನಗುತ್ತಾರೆ. ನಗಲಿ ಬಿಡಿ. ಬೇಸಿಗೆಯ ಬೆಳಕು ದಂಡವಾಗಬಾರದು ಎಂದು ಕೆಲವು ಸರ್ಕಾರಗಳು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತವೆ, ಚಳಿಗಾಲಕ್ಕೆ ಮತ್ತೆ ಹಿಂದಕ್ಕೆ ತರುತ್ತವೆ. ಕೆಲವು ಹೋದ ವರ್ಷ ಮಾಡಿ ಈ ವರ್ಷ ಬಿಟ್ಟಿರುತ್ತವೆ. ಯಾವ ಊರು ಯಾವ ದಿನ ಮುಳ್ಳು ತಿರುಗಿಸಿತು ಎಂಬುದನ್ನೆಲ್ಲ ಸಾಲುಸಾಲಾಗಿ ಬರೆದಿಟ್ಟ ಒಂದು ಪಟ್ಟಿಯಿದೆ, ಅದನ್ನು ನೋಡಿಕೊಳ್ಳುವುದೇ ಅವಳ ಕೆಲಸ. ಕೈಯಲ್ಲಿರುವ ಫೋನು, ರೈಲಿನ ಟಿಕೆಟ್ಟು, ಆಸ್ಪತ್ರೆಯ ಯಂತ್ರ ಎಲ್ಲವೂ ಆ ಪಟ್ಟಿಯನ್ನು ಓದಿಯೇ ಗಂಟೆ ತೋರಿಸುವುದು. ಒಮ್ಮೆ ಒಬ್ಬ ಮಂತ್ರಿ, ಭಾನುವಾರ ತಿರುಗಬೇಕಾದ ಗಡಿಯಾರ ಈ ಸಲ ತಿರುಗುವುದಿಲ್ಲ ಎಂದು ಗುರುವಾರ ಮಧ್ಯಾಹ್ನ ಹೇಳಿಕೆ ಕೊಟ್ಟು ಊಟಕ್ಕೆ ಎದ್ದುಹೋಗಿದ್ದ. ಅವನ ಏಳು ತಲೆಮಾರಿಗೂ ಹಿಡಿಶಾಪ ಹಾಕುತ್ತ ಗಂಟೆಯಕ್ಕ ಮೂರು ದಿನ ಪಟ್ಟಿ ತಿದ್ದಿದ್ದಳು. ಅವತ್ತು ಆ ದೇಶದ ಒಬ್ಬನಿಗೂ ರೈಲು ತಪ್ಪಲಿಲ್ಲ. ಹಾಗಾಗಿ ಒಬ್ಬನಿಗೂ ಅವಳ ವಿಷಯ ಗೊತ್ತಾಗಲಿಲ್ಲ.

ಹತ್ತೊಂಬತ್ತು ವರ್ಷದಿಂದ ಅವಳು ಎರಡೇ ನಿಯಮ ಇಟ್ಟುಕೊಂಡಿದ್ದಾಳೆ. ಸರ್ಕಾರ ಏನು ಆಜ್ಞೆ ಹೊರಡಿಸಿತು ಎಂಬುದಕ್ಕಿಂತ ಜನ ನಿಜವಾಗಿ ಯಾವ ಗಂಟೆಗೆ ಬದುಕಿದರು ಎಂಬುದು ಮುಖ್ಯ. ಸಾಕ್ಷಿಯಿಲ್ಲದೆ ಒಂದು ಸಾಲೂ ಒಳಗೆ ಬರುವಂತಿಲ್ಲ, ಸಾಕ್ಷಿಯಿಲ್ಲದೆ ಒಂದು ಸಾಲೂ ಹೊರಗೆ ಹೋಗುವಂತಿಲ್ಲ.

ಈಗ ಜಗಳವೆದ್ದಿರುವುದು ಐವತ್ತಾರು ವರ್ಷ ಹಳೆಯ ಒಂದು ಸಾಲಿನ ಮೇಲೆ. ಆ ವರ್ಷ ಇಡೀ ದೇಶ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಾಗ ಗಿರಣಿಯಿದ್ದ ಒಂದು ಸಣ್ಣ ಊರು ಮಾತ್ರ ಇಪ್ಪತ್ತಾರು ದಿನ ಹಳೆಯ ಗಂಟೆಯಲ್ಲೇ ಉಳಿದಿತ್ತು. ಆ ಊರಿನ ಒಬ್ಬ ಮೇಷ್ಟ್ರು ಹಳೆಯ ಪತ್ರಿಕೆಯಲ್ಲಿದ್ದ ಶಾಲೆಯ ಪ್ರಕಟಣೆಯನ್ನು ಕಳಿಸಿದ್ದರು. ‘ಮುಂದಿನ ಸೂಚನೆಯವರೆಗೆ ಶಾಲೆ ಹಳೆಯ ಗಂಟೆಯಂತೆಯೇ ನಡೆಯುತ್ತದೆ’ ಎಂದು ಅದರಲ್ಲಿತ್ತು. ನಾಳೆಯಿಂದ ಹೊಸ ಗಂಟೆ ಎಂಬ ಸೂಚನೆ ಬಂದದ್ದು ಇಪ್ಪತ್ತಾರು ದಿನದ ಮೇಲಿನ ಸಂಚಿಕೆಯಲ್ಲಿ. ನಾಲ್ಕು ತಿಂಗಳ ಹಿಂದೆ ಗಂಟೆಯಕ್ಕ ಅದನ್ನು ನಂಬಿ ಸಾಲು ಸೇರಿಸಿದ್ದಳು. ಅದು ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಗಿರಣಿಯವರು ತಮ್ಮ ನೂರನೇ ವರ್ಷಕ್ಕೆ ಮ್ಯೂಸಿಯಂ ಮಾಡುತ್ತಿದ್ದರು. ಅದರ ಗೋಡೆಗೆ ಹಾಕಲು ಹಳೆಯ ರಿಜಿಸ್ಟರಿನ ಒಂದು ಪುಟವನ್ನು ದೊಡ್ಡದು ಮಾಡಿಸಿದ್ದರು. ಮಗ್ಗದ ವಿಭಾಗದ ನಲವತ್ತೊಂದು ಹೆಂಗಸರು ಇಪ್ಪತ್ತಾರು ದಿನ ಸತತವಾಗಿ ಒಂದು ಗಂಟೆ ತಡವಾಗಿ ಬಂದದ್ದರಿಂದ ಕೆಲಸದಿಂದ ತೆಗೆಯಲಾಗಿದೆ ಎಂಬ ಪುಟ ಅದು. ಹಿಂದಿನವರು ಎಷ್ಟು ಶಿಸ್ತಿನಿಂದ ಗಿರಣಿ ನಡೆಸಿದರು ಎಂದು ತೋರಿಸಲಂತೆ! ಮೇಷ್ಟ್ರು ಸುಮ್ಮನಿರುವವರಲ್ಲ. ಪಟ್ಟಿಯ ಆ ಸಾಲನ್ನೇ ತೋರಿಸಿ, ಊರಿನ ಗಡಿಯಾರವೇ ಒಂದು ಗಂಟೆ ಹಿಂದಿದ್ದಾಗ ತಡ ಮಾಡಿದವರು ಯಾರು ಎಂದು ಪತ್ರಿಕೆಗೆ ಬರೆದುಬಿಟ್ಟರು.

“ಗಿರಣಿಯವರು ನಮ್ಮ ದೊಡ್ಡ ಗಿರಾಕಿ ಅಕ್ಕ. ಅವರ ಎಲ್ಲ ಕಾರ್ಖಾನೆಗಳ ಹಾಜರಿ ಸಾಫ್ಟ್‌ವೇರ್ ನಮ್ಮದೇ,” ಎಂದ ಮ್ಯಾನೇಜರ್. “ಶುಕ್ರವಾರ ಸಂಜೆ ನಾಲ್ಕಕ್ಕೆ ಹೊಸ ಪಟ್ಟಿ ಹೋಗುತ್ತಲ್ಲ, ಅದರಲ್ಲಿ ಆ ಸಾಲು ಇರಬಾರದು ಅಂತಿದಾರೆ. ಐವತ್ತಾರು ವರ್ಷದ ಹಿಂದಿನ ಇಪ್ಪತ್ತಾರು ದಿನ ಯಾರಿಗೆ ಬೇಕು ಹೇಳಿ?”

“ಯಾರಿಗೂ ಬೇಡ ಅಂದ್ರೆ ಅವರಿಗ್ಯಾಕೆ ಇಷ್ಟು ಉರಿ? ಸಾಕ್ಷಿ ತರಲಿ, ತೆಗೀತೀನಿ.”

ಮರುದಿನ ಬುಧವಾರ ಅವರು ಸಾಕ್ಷಿ ತಂದೇಬಿಟ್ಟರು. ಅದೂ ರಿಜಿಸ್ಟರಿನ ಒಂದು ಪುಟವೇ. ‘ಸರ್ಕಾರದ ಆಜ್ಞೆಯಂತೆ ಇಂದಿನಿಂದ ಗಿರಣಿಯ ಎಲ್ಲ ಗಡಿಯಾರಗಳನ್ನು ಒಂದು ಗಂಟೆ ಮುಂದಿಡಲಾಗಿದೆ’ ಎಂದು ಬರೆದು ಅಂದಿನ ವ್ಯವಸ್ಥಾಪಕರು ಸಹಿ ಹಾಕಿದ್ದರು. ಗಂಟೆಯಕ್ಕ ಅದನ್ನು ಮೂರು ಸಲ ಓದಿದಳು. ತನ್ನ ಕೈಯಲ್ಲಿರುವುದು ಒಂದು ಶಾಲೆಯ ಎರಡು ಸಾಲಿನ ಪ್ರಕಟಣೆ ಮಾತ್ರ. ಶಾಲೆಯೊಂದು ಮಕ್ಕಳಿಗಾಗಿ ಹಳೆಯ ಗಂಟೆ ಇಟ್ಟುಕೊಂಡರೆ ಅದು ಇಡೀ ಊರಿನ ಗಂಟೆಯಾಗುವುದಿಲ್ಲ. ಬೇರೆ ಯಾರಾದರೂ ಇಂಥ ಪುಟ ಕಳಿಸಿದ್ದರೆ ಅವಳೇ ಕೂತಲ್ಲಿ ಸಾಲು ತೆಗೆದುಹಾಕುತ್ತಿದ್ದಳು. ಗಿರಣಿಯವರು ಕಳಿಸಿದರೆಂದು ತೆಗೆಯದಿದ್ದರೆ ನಿಯಮಕ್ಕೆ ಏನು ಬೆಲೆ? ಅದು ಗೊತ್ತಿದ್ದೂ ಅವಳಿಗೆ ಸಿಟ್ಟು ಇಳಿಯಲಿಲ್ಲ.

ಅವಳು ಮೇಷ್ಟ್ರಿಗೆ ಫೋನು ಮಾಡಿದಳು. ನಲವತ್ತೊಂದು ಜನರಲ್ಲಿ ಇಬ್ಬರು ಮಾತ್ರ ಉಳಿದಿದ್ದಾರೆ ಎಂದರು ಮೇಷ್ಟ್ರು. ಒಬ್ಬರಿಗೆ ಮಕ್ಕಳ ಗುರುತೂ ಸಿಗುವುದಿಲ್ಲ. “ಇನ್ನೊಬ್ಬರು ಕಾಲುವೆ ಹಿಂದಿನ ಓಣೀಲಿದ್ದಾರೆ. ಎಂಬತ್ತೊಂದು ವರ್ಷ. ಬರೀ ಮೆಣಸಿನಕಾಯಿ. ನಂಗಂತೂ ಏನೂ ಹೇಳಿಲ್ಲ. ನೀವು ಹೋಗಿ ಬೈಸ್ಕೊಂಡು ಬನ್ನಿ.”

ಗುರುವಾರ ಬೆಳಗ್ಗೆ ಅವಳು ರಜೆ ಬರೆದು ಚೀಲ ಹೆಗಲಿಗೆ ಹಾಕಿಕೊಂಡಾಗ, ಬಸ್ ಡ್ರೈವರ್ ಆಗಿ ನಿವೃತ್ತನಾಗಿದ್ದ ಗಂಡ ಕಾಫಿ ಲೋಟ ಹಿಡಿದು ನೋಡುತ್ತ ನಿಂತಿದ್ದ.

“ಕೆಲಸ ಹೋದ್ರೆ?” ಎಂದು ಕೇಳಿದ.

“ಹೋಗ್ಲಿ.”

“ನೀನು ಮನೇಲಿ ಕೂತ್ರೆ ನಾನು ಸ್ನಾನಕ್ಕೆ ಎಷ್ಟು ನಿಮಿಷ ತಗೊಂಡೆ ಅಂತ ಪಟ್ಟಿ ಮಾಡ್ತೀಯ. ನನ್ನ ಮೇಲೆ ಕರುಣೆ ಇಟ್ಟಾದ್ರೂ ಕೆಲಸ ಉಳಿಸ್ಕೋ ಮಾರಾಯ್ತಿ.”

ಅವಳು ನಕ್ಕಳು. ಮೆಟ್ಟಿಲು ಇಳಿಯುವಷ್ಟರಲ್ಲಿ ನಗು ಆರಿತ್ತು. ಈ ಕೆಲಸ ಬಿಟ್ಟರೆ ತನಗೆ ಬೇರೇನೂ ಬರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಐವತ್ತನಾಲ್ಕು ದಾಟಿದವಳನ್ನು ಹೊಸದಾಗಿ ಯಾರು ಸೇರಿಸಿಕೊಳ್ಳುತ್ತಾರೆ?

ಬಸ್ಸಿನಲ್ಲಿ ಮೂರು ಗಂಟೆಯ ದಾರಿ. ಓಣಿಯ ಕೊನೆಯ ಮನೆಯ ಬಾಗಿಲು ತೆರೆದೇ ಇತ್ತು. ಒಂದೇ ಕಿಟಕಿಯ ಕೋಣೆ. ಕಿಟಕಿಯ ಕೆಳಗೆ ಕುರ್ಚಿ ಹಾಕಿಕೊಂಡು ಅಜ್ಜಿ ಯಾವುದೋ ಅಂಗಿಯ ಕಾಲರು ಬಿಚ್ಚುತ್ತಿದ್ದಳು. ತಲೆ ಎತ್ತದೆ ಕೇಳಿದಳು, “ಯಾರಮ್ಮ? ಗಿರಣಿಯವಳಾ?”

“ಅಲ್ಲ ಅಜ್ಜಿ. ಗಡಿಯಾರದ ಕೆಲಸದವಳು.”

“ನಮ್ಮನೇಲಿ ಗಡಿಯಾರ ಕೆಟ್ಟಿಲ್ಲ.”

ಗಂಟೆಯಕ್ಕ ಅಲ್ಲೇ ಮೂಲೆಯಲ್ಲಿದ್ದ ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿದಳು. ಪಟ್ಟಿ ಏನು, ಸಾಲು ಯಾವುದು, ಗಿರಣಿಯವರು ತಂದ ಪುಟದಲ್ಲಿ ಏನಿದೆ, ನಾಳೆ ನಾಲ್ಕಕ್ಕೆ ಏನಾಗುತ್ತದೆ ಎಂದು ಒಂದೂ ಮುಚ್ಚಿಡಲಿಲ್ಲ. ಕೊನೆಗೆ, “ಬರೀ ನಿಮ್ಮ ಮಾತಿನ ಮೇಲೆ ನಾನು ಏನೂ ಬರೆಯೋಕಾಗಲ್ಲ ಅಜ್ಜಿ. ಕಾಗದ ಬೇಕು. ಇಲ್ಲದಿದ್ರೆ ನಾಳೆ ನನ್ನ ಕೈಯಿಂದಲೇ ಸಾಲು ತೆಗೀಬೇಕಾಗುತ್ತೆ,” ಎಂದಳು.

ಅಜ್ಜಿ ಕತ್ತರಿ ಕೆಳಗಿಟ್ಟಳು. “ಬಂದುಬಿಟ್ಟಳು ನೋಡು, ಕಾಗದ ಕೇಳೋಕೆ! ನನ್ನ ಮಗಳ ಮದುವೆ ಮಾತಿಗೆ ಬಂದೋರು ಏನಂದ್ರು ಗೊತ್ತಾ? ತಾಯಿ ಹೊತ್ತಿಗೆ ಸರಿಯಾಗಿ ಏಳೋಳಲ್ಲವಂತೆ, ಮಗಳು ಹೇಗೋ ಏನೋ ಅಂದ್ರು. ಎದ್ದು ಹೋದ್ರು. ಪಕ್ಕದೂರಲ್ಲಿ ಇನ್ನೊಂದು ಗಿರಣಿ ಇತ್ತು, ಅಲ್ಲೂ ಸೇರಿಸ್ಲಿಲ್ಲ. ಸೋಮಾರಿಗಳ ಗುಂಪು ಅಂದ್ರು. ನಾಲ್ಕು ಗಂಟೆಗೆ ಎದ್ದು ಮೂರು ಮಕ್ಕಳಿಗೆ ಬೇಯಿಸಿಟ್ಟು ಹೋಗ್ತಿದ್ದೋಳು ನಾನು! ಈಗ ಗೋಡೆಗೆ ಬೇರೆ ಹಾಕ್ತಾರಂತೆ. ನಾನು ಸತ್ತ ಮೇಲೂ ಬಂದೋರೆಲ್ಲ ನಿಂತು ನನ್ನ ಹೆಸರಿನ ಮುಂದೆ ತಡ ಅಂತ ಓದ್ಬೇಕಾ?”

ಅಜ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಎದ್ದು, ಮಂಚದ ಕೆಳಗಿನ ಟ್ರಂಕು ಎಳೆದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಕಾರ್ಡು ತಂದು ಮಡಿಲಿಗೆ ಹಾಕಿದಳು.

“ಕೆಲಸದಿಂದ ತೆಗೆದ ದಿನ ಮುಖಕ್ಕೆ ಎಸೆದಿದ್ರು. ಇದು ಕಾಗದ ಹೌದೋ ಅಲ್ವೋ ನೋಡು.”

ಹಾಜರಿ ಕಾರ್ಡು ಅದು. ಗಿರಣಿಯ ಬಾಗಿಲಲ್ಲಿದ್ದ ಹಾಜರಿ ಗಡಿಯಾರದ ಬಾಯಿಗೆ ಇಟ್ಟು ಒತ್ತಿದರೆ ಆ ಕ್ಷಣದ ಗಂಟೆ ಕಾರ್ಡಿನ ಮೇಲೆ ಅಚ್ಚಾಗುತ್ತಿತ್ತು. ನೇರಳೆ ಅಚ್ಚು ಇನ್ನೂ ಮಾಸಿರಲಿಲ್ಲ. ಐದು ಐವತ್ತೆಂಟು. ಐದು ಐವತ್ತಾರು. ಐದು ಐವತ್ತೊಂಬತ್ತು. ಪ್ರತಿಯೊಂದರ ಪಕ್ಕದಲ್ಲೂ ಕೆಂಪು ಶಾಯಿಯಲ್ಲಿ, ಕೈಬರಹದಲ್ಲಿ, ‘ಒಂದು ಗಂಟೆ ತಡ’.

ಗಂಟೆಯಕ್ಕ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು.

“ಅಜ್ಜಿ, ಪಾಳಿ ಎಷ್ಟಕ್ಕೆ ಶುರುವಾಗ್ತಿತ್ತು?”

“ಆರಕ್ಕೆ.”

“ಈ ಕೆಂಪು ಶಾಯಿ ಯಾರದು?”

“ಗುಮಾಸ್ತನದು. ದಿನಾ ಸಂಜೆ ಕೂತು ಬರೀತಿದ್ದ ಪುಣ್ಯಾತ್ಮ.”

“ಆರಕ್ಕೆ ಎರಡು ನಿಮಿಷ ಮುಂಚೆ ಒತ್ತಿದ ಕಾರ್ಡು. ಅದರ ಮೇಲೆ ಒಂದು ಗಂಟೆ ತಡ ಅಂತ ಬರೀತಾರೆ ಅಂದ್ರೆ...” ಅವಳ ದನಿ ತಾನಾಗಿ ಏರಿತು. “ಅಂದ್ರೆ ಗಿರಣಿ ಗಡಿಯಾರ ಹಳೇ ಗಂಟೇನೇ ತೋರಿಸ್ತಿತ್ತು! ಅವರು ತಿರುಗಿಸೇ ಇರ್ಲಿಲ್ಲ! ರಿಜಿಸ್ಟರಲ್ಲಿ ಬರೆದದ್ದು ಸುಳ್ಳು, ಅಜ್ಜಿ!”

“ಹೇಗೆ ತಿರುಗಿಸ್ತಾರೆ? ಕಬ್ಬಿಣದ ಪೆಟ್ಟಿಗೇಲಿ ಬೀಗ ಹಾಕಿಟ್ಟಿದ್ದ ಗಡಿಯಾರ. ಅದರ ಕೀಲಿ ನನ್ನ ಹಿಟ್ಟಿನ ಡಬ್ಬೀಲಿತ್ತು.”

ಗಂಟೆಯಕ್ಕ ಕಾರ್ಡಿನಿಂದ ತಲೆ ಎತ್ತಿದಳು. ಅಜ್ಜಿಯ ಮುಖದಲ್ಲಿ ಮೊದಲ ಸಲ ನಗು ಕಾಣಿಸಿತು. ಕದ್ದು ತಿಂದು ಸಿಕ್ಕಿಬೀಳದವರ ನಗು.

“ಗಡಿಯಾರ ನೋಡ್ಕೊಳ್ತಿದ್ದೋನು ನನ್ನ ಗಂಡಾನೇ. ಹಿಂದಿನ ವರ್ಷ ಹೀಗೇ ಒಂದು ಗಂಟೆ ಮುಂದಿಟ್ಟಾಗ ಕತ್ತಲಲ್ಲಿ ಕಾಲುವೆ ದಾರೀಲಿ ಬರುವಾಗ ಒಬ್ಬಳು ಜಾರಿ ಸೊಂಟ ಮುರ್ಕೊಂಡ್ಳು. ಈ ಸಲ ಬೆಳಕಾಗದೆ ಬರಲ್ಲ ಅಂತ ನಲವತ್ತೊಂದು ಜನಾನೂ ಮಾತಾಡ್ಕೊಂಡ್ವಿ. ಸೈರನ್ ಕೂಗಿದಾಗ ಬರ್ತೀವಿ ಅಂದ್ವಿ. ಸೈರನ್ನಿನ ತಂತಿ ಆ ಗಡಿಯಾರಕ್ಕೇ ಕಟ್ಟಿತ್ತು. ನನ್ನ ಗಂಡ ಕೀಲಿ ಕಳೆದುಹೋಯ್ತು ಅಂದ. ಗಡಿಯಾರ ಹೊರದೇಶದ್ದು, ಒಡೆದ್ರೆ ಸರಿ ಮಾಡೋರು ಗತಿಯಿಲ್ಲ. ಹೊಸ ಕೀಲಿ ಹಡಗಲ್ಲಿ ಬರೋಕೆ ಇಪ್ಪತ್ತಾರು ದಿನ ಹಿಡೀತು. ಅಲ್ಲೀವರೆಗೂ ಸೈರನ್ ಹಳೇ ಹೊತ್ತಿಗೇ ಕೂಗ್ತು. ಊರಿಗೆಲ್ಲ ಅದೊಂದೇ ಗಡಿಯಾರ ತಾಯಿ. ಅಂಗಡಿ, ಶಾಲೆ, ಕ್ಷೌರದೋನು ಎಲ್ಲ ಅದನ್ನ ಕೇಳೇ ಬಾಗಿಲು ತೆಗೆಯೋದು.”

“ಮತ್ತೆ ಆವತ್ತೇ ಈ ಕಾರ್ಡು ತೋರಿಸ್ಬೇಕಿತ್ತಲ್ಲ ಅಜ್ಜಿ!”

“ತೋರಿಸಿದ್ರೆ ಗಡಿಯಾರ ಯಾಕೆ ತಿರುಗಿಲ್ಲ ಅಂತ ಕೆದಕ್ತಿದ್ರು. ಕೀಲಿ ಬುಡಕ್ಕೆ ಬರ್ತಿದ್ರು. ಜೈಲಿಗೇ ಹಾಕ್ತಿದ್ರೇನೋ ಅವನನ್ನ. ನಮ್ಮದು ಹೇಗೂ ಹೋಯ್ತು, ಅವನೊಬ್ಬನಾದ್ರೂ ಉಳೀಲಿ ಅಂತ ನಲವತ್ತೊಂದು ಜನಾನೂ ಬಾಯಿ ಹೊಲ್ಕೊಂಡ್ವಿ. ಒಬ್ಬಳೂ ಬಿಡಲಿಲ್ಲ. ಗಂಡಂದಿರಿಗೂ ಹೇಳ್ಲಿಲ್ಲ.” ಅಜ್ಜಿ ಕಾಲರನ್ನು ಮತ್ತೆ ಕೈಗೆತ್ತಿಕೊಂಡಳು. “ಅವನು ಹೋಗಿ ಎರಡು ವರ್ಷ ಆಯ್ತು. ಇನ್ನು ಅವನನ್ನ ಯಾರು ಏನು ಮಾಡ್ತಾರೆ? ಬರ್ಕೋ.”

ಶುಕ್ರವಾರ ಬೆಳಗ್ಗೆ ಗಂಟೆಯಕ್ಕ ಕಾರ್ಡಿನ ಫೋಟೋವನ್ನು ಮ್ಯಾನೇಜರನ ಮುಂದೆ ಇಟ್ಟಳು. ಅವನು ನೇರಳೆ ಅಚ್ಚು ನೋಡಿದ, ಕೆಂಪು ಶಾಯಿ ನೋಡಿದ, ಮತ್ತೆ ಅಚ್ಚು ನೋಡಿದ. ಎಷ್ಟಾದರೂ ಅವಳ ಹತ್ತಿರ ಕೆಲಸ ಕಲಿತವನು.

“ಅಯ್ಯೋ ದೇವರೇ,” ಎಂದ. “ತಮ್ಮ ಕೈಯಾರೆ ತಾವೇ ಬರ್ಕೊಟ್ಟಿದಾರೆ.”

“ಹೂಂ.”

ಅವನು ಎದ್ದು ಬಾಗಿಲು ಮುಚ್ಚಿದ. ಮುಖ ಬಾಡಿತ್ತು. “ಅಕ್ಕ, ನಂಗೆ ಅರ್ಥ ಆಗುತ್ತೆ. ಆದ್ರೆ ಈಗಷ್ಟೇ ಮೇಲಿನವರ ಫೋನ್ ಬಂದಿತ್ತು. ಸಾಕ್ಷಿ ಗೀಕ್ಷಿ ಏನೇ ಇರ್ಲಿ, ಇವತ್ತು ಆ ಸಾಲು ಹೋಗ್ಲೇಬೇಕಂತೆ. ನೀವು ತೆಗೀದಿದ್ರೆ ನಿಮ್ಮ ಜಾಗಕ್ಕೆ ಬೇರೆಯವರನ್ನ ಕೂರಿಸ್ತಾರಂತೆ.”

“ಸರಿ ಸಾರ್,” ಎಂದಳು ಗಂಟೆಯಕ್ಕ.

ಅವನು ಬೆಚ್ಚಿದ. ಅವಳು ತನ್ನ ಮೇಜಿನಿಂದ ಎದ್ದು ಕುರ್ಚಿಯನ್ನು ಅವನ ಕಡೆ ತಿರುಗಿಸಿದಳು.

“ಕೂತ್ಕೊಳ್ಳಿ ಸಾರ್. ಸಾಲು ಇಲ್ಲೇ ಇದೆ, ತೆಗೀರಿ. ತೆಗೆದವರು ಕೆಳಗೆ ಹೆಸರು ಬರೆದು ಕಾರಣ ಬರೀಬೇಕು, ಅದು ನಿಮಗೂ ಗೊತ್ತು, ನಾನೇ ಕಲಿಸಿದ್ದು. ಏನ್ ಬರೀತೀರಿ? ಗಿರಾಕಿಗೆ ಮುಜುಗರ ಆಯ್ತು ಅಂತಲಾ? ಇಲ್ಲಾ ಆ ಹೆಂಗಸರು ಹೊತ್ತಿಗೆ ಸರಿಯಾಗಿ ಬಂದದ್ದು ತಪ್ಪಾಯ್ತು ಅಂತಲಾ? ಚೆನ್ನಾಗಿ ಬರೀರಿ. ಇನ್ನು ಐವತ್ತು ವರ್ಷ ಆದ್ಮೇಲೂ ಯಾರೋ ಒಬ್ಬರು ಓದ್ತಾರೆ, ನಾವು ಇವತ್ತು ಓದಿದ ಹಾಗೆ.”

ಅವನು ಕೂತ. ಕೈ ಕೀಲಿಮಣೆಯ ಹತ್ತಿರ ಹೋಯಿತು. ಗಂಟೆಯಕ್ಕ ಕಿಟಕಿಗೆ ಬೆನ್ನು ಕೊಟ್ಟು ನಿಂತಿದ್ದಳು. ಅವನು ತೆಗೆದುಬಿಟ್ಟರೆ ಮೇಜಿನ ಮೇಲಿನ ಲೋಟ, ಕನ್ನಡಕದ ಡಬ್ಬಿ ಎತ್ತಿಕೊಂಡು ಈಗಲೇ ಹೊರಡುವುದೆಂದು ತೀರ್ಮಾನಿಸಿದ್ದಳು. ತನ್ನ ಕೈಯಿಂದಂತೂ ಆ ಸಾಲು ಹೋಗುವುದಿಲ್ಲ.

“ನಂಗೂ ಮನೆಯಿದೆ ಅಕ್ಕ,” ಎಂದ ಅವನು, ಪರದೆ ನೋಡುತ್ತ.

“ನಾನೇನು ಬೀದೀಲಿದ್ದೀನಾ?”

ಅವನು ಆ ಸಾಲನ್ನು ಮತ್ತೊಮ್ಮೆ ಓದಿದ. ಕೊನೆಗೆ ಕೀಲಿಮಣೆಯನ್ನು ದೂರ ತಳ್ಳಿದ. “ನನ್ನ ಹೆಸರು ಅದರ ಕೆಳಗೆ ಬೇಡ. ಮೇಲಿನವರಿಗೆ ಏನು ಹೇಳ್ಲಿ ಈಗ?”

“ಗಂಟೆಯಕ್ಕ ಮಾತು ಕೇಳಲ್ಲ ಅಂತ ಹೇಳು.”

“ಅದಕ್ಕೆ ಸಾಕ್ಷಿ ಬೇಕಾಗಲ್ಲ ಬಿಡಿ,” ಎಂದು ಅವನು ಎದ್ದ. ಹೋಗುವಾಗ ಬಾಗಿಲಲ್ಲಿ ನಿಂತು, “ನಾಲ್ಕಕ್ಕೆ ಸರಿಯಾಗಿ ಹೋಗ್ಲಿ. ತಡ ಆದ್ರೆ ಅವರು ನಡುವೆ ಕೈ ಹಾಕ್ತಾರೆ,” ಎಂದ.

ಮಧ್ಯಾಹ್ನವೆಲ್ಲ ಅವಳು ಟಿಪ್ಪಣಿ ಬರೆದಳು. ಪ್ರತಿ ಸಾಲಿನ ಮೇಲೂ ಇಂಥ ಟಿಪ್ಪಣಿಗೆ ಜಾಗವಿರುತ್ತದೆ. ಯಂತ್ರ ಅದನ್ನು ಓದದೆ ದಾಟಿಹೋಗುತ್ತದೆ, ಮನುಷ್ಯರು ಮಾತ್ರ ಓದುತ್ತಾರೆ. ಕಾರ್ಡಿನ ಅಚ್ಚು ಬರೆದಳು, ಕೆಂಪು ಶಾಯಿ ಬರೆದಳು, ಸೈರನ್ ಬರೆದಳು. ‘ಗಡಿಯಾರದ ಪೆಟ್ಟಿಗೆಯ ಕೀಲಿ ಹಿಟ್ಟಿನ ಡಬ್ಬಿಯಲ್ಲಿತ್ತು’ ಎಂದೂ ಬರೆದಳು. ಮೂರೂಕಾಲಿಗೆ ಅಜ್ಜಿಗೆ ಫೋನು ಮಾಡಿ, ಕಾರ್ಡು ಯಾರದು ಎಂದು ಹೆಸರು ಹಾಕಬೇಕು, ಹಾಕಲೇ ಎಂದು ಕೇಳಿದಳು.

“ನನ್ನೊಬ್ಬಳದ್ಯಾಕೆ? ನಾನೊಬ್ಬಳೇನಾ ಬಂದದ್ದು?” ಎಂದಳು ಅಜ್ಜಿ. “ಹಾಕೋದಾದ್ರೆ ನಲವತ್ತೊಂದೂ ಹಾಕು.”

“ಅದನ್ನ ಯಂತ್ರ ಓದಲ್ಲ ಅಜ್ಜಿ. ಜನ ಮಾತ್ರ ಓದೋದು.”

“ಯಂತ್ರ ಓದಿ ನಂಗೇನಾಗ್ಬೇಕು? ಬರ್ಕೋ.”

ಅಜ್ಜಿ ಮಗ್ಗಗಳ ಸಾಲು ಹಿಡಿದು ಹೇಳುತ್ತ ಹೋದಳು. ಬಾಗಿಲ ಪಕ್ಕದ ಮೊದಲ ಮಗ್ಗದವಳು, ಅವಳ ತಂಗಿ, ಹಾಡು ಹೇಳುತ್ತಿದ್ದವಳು, ಸೊಂಟ ಮುರಿದುಕೊಂಡವಳ ಜಾಗಕ್ಕೆ ಬಂದವಳು. ಒಂದೊಂದು ಹೆಸರಿಗೂ ಒಂದೊಂದು ಕಥೆಯಿತ್ತು. ಗಂಟೆಯಕ್ಕ ಹೆಸರನ್ನಷ್ಟೇ ಬರೆದುಕೊಂಡಳು. ಕಥೆಯನ್ನು ಕೇಳಿದಳು. ಮೂವತ್ತೆಂಟನೆಯದು ಬರೆಯುವಾಗ ನಾಲ್ಕಕ್ಕೆ ಐದು ನಿಮಿಷವಿತ್ತು. ಮೂವತ್ತೊಂಬತ್ತು ಬಂತು, ನಲವತ್ತು ಬಂತು. ಅಲ್ಲಿಗೆ ಅಜ್ಜಿ ನಿಂತುಬಿಟ್ಟಳು.

“ಒಬ್ಬಳು ಬಿಟ್ಟುಹೋದಳಲ್ಲ... ಕೊನೇ ಸಾಲು, ಕಿಟಕಿ ಪಕ್ಕ. ಗುಂಗುರು ಕೂದಲು. ಮುಖ ಕಣ್ಣೆದುರಿಗೇ ಇದೆ ತಾಯಿ, ಹೆಸರು ಬರ್ತಿಲ್ಲ.”

ಮ್ಯಾನೇಜರ್ ಬಾಗಿಲು ತಳ್ಳಿ ಒಳಗೆ ಬಂದ. ತನ್ನ ಕೈಗಡಿಯಾರವನ್ನು ಬೆರಳಿನಿಂದ ತಟ್ಟಿ ತೋರಿಸಿದ. ಗಂಟೆಯಕ್ಕ ಅವನ ಕಡೆ ನೋಡದೆ ಅಂಗೈ ಎತ್ತಿ ಅಲ್ಲೇ ನಿಲ್ಲು ಎಂದಳು. ಅವನು ನಿಂತ.

“ಅವಸರ ಇಲ್ಲ ಅಜ್ಜಿ,” ಎಂದಳು ಫೋನಿಗೆ. “ನಿಧಾನಕ್ಕೆ ನೆನಪು ಮಾಡ್ಕೊಳ್ಳಿ.”

ಆ ಕಡೆಯಿಂದ ಅಜ್ಜಿಯ ಉಸಿರಾಟ ಕೇಳುತ್ತಿತ್ತು, ಗೊಣಗುವುದು ಕೇಳುತ್ತಿತ್ತು. ಪರದೆಯ ಮೂಲೆಯಲ್ಲಿ ನಾಲ್ಕು ದಾಟಿ ಮೂರು ನಿಮಿಷವಾಗಿತ್ತು. ಗಂಟೆಯಕ್ಕ ನಲವತ್ತೊಂದು ಎಂದು ಬರೆದು, ಮುಂದಿನ ಜಾಗವನ್ನು ಖಾಲಿ ಬಿಟ್ಟು, ಕೈಗಳನ್ನು ಕೀಲಿಮಣೆಯ ಮೇಲೆ ಇಟ್ಟುಕೊಂಡು ಕಾದಳು.